ತೊಟ್ಟಿಲ ದಿನದ ನಗು

ಅಜ್ಜಂಪುರ
೨ ಸೆಪ್ಟೆಂಬರ್ ೨೦೨೪

ಪ್ರತಿಮಾ,

ಕಾಗದ ನೋಡಿ ನಿನಗೆ ವಿಚಿತ್ರ ಅನ್ನಿಸಬಹುದು. ನಾವಿಬ್ಬರೂ ಹೀಗೆ ಬರೆದುಕೊಂಡು ಇಪ್ಪತ್ತು ವರ್ಷದ ಮೇಲಾಯಿತು. ಏನು ಮಾಡಲಿ, ಫೋನಿನಲ್ಲಿ ನನ್ನನ್ನು ಬ್ಲಾಕ್ ಮಾಡಿದ್ದೀಯ. ನಮ್ಮ ಯಜಮಾನರ ಫೋನಿನಿಂದ ಮಾಡಿದರೆ, ನನ್ನ ದನಿ ಕೇಳಿದ ಕೂಡಲೇ ಇಟ್ಟುಬಿಟ್ಟೆ. ಮೊನ್ನೆ ಶನಿವಾರ ಸ್ಕೂಲು ಮುಗಿಸಿ ಕಡೂರಿನ ಬಸ್ಸು ಹತ್ತಿದೆ. ನಿನ್ನ ಮುಖ ನೋಡುವ ಧೈರ್ಯವಾಗದೆ ಬೀರೂರಿನಲ್ಲಿಳಿದು ವಾಪಸ್ ಬಂದೆ.

ತೊಟ್ಟಿಲ ದಿನದಿಂದ ನನಗೆ ಅನ್ನ ಸೇರುತ್ತಿಲ್ಲ ಕಣೇ. ಕ್ಲಾಸಿನಲ್ಲಿ ಪಾಠ ಮಾಡುತ್ತಾ ಮಾಡುತ್ತಾ ಎಲ್ಲಿದ್ದೆನೆಂದು ಮರೆಯುತ್ತೇನೆ. ರುದ್ರಮೂರ್ತಿ ಭಾವನ ಮನೆಯಲ್ಲಿ ಮೊಮ್ಮಗನನ್ನು ತೊಟ್ಟಿಲಿಗೆ ಹಾಕುವ ಸಂಭ್ರಮ, ತರೀಕೆರೆಯ ಮನೆ ತುಂಬ ಜನ. ನಿಮ್ಮ ಯಜಮಾನರು ಅಷ್ಟು ಪ್ರೀತಿಯಿಂದ ಮಗುವನ್ನು ಎತ್ತಿಕೊಂಡರು. ಭಾವ ತಮಾಷೆಗೆ, “ಹುಷಾರು ಕಣ್ರಪ್ಪಾ, ಹುಡುಗನ ಕಣ್ಣೂ ಸಣ್ಣಗಾಗ್ಬಿಟ್ಟಾವು” ಅಂದರು. ಎಲ್ಲರೂ ನಕ್ಕರು. ಯಾರೋ ಮಗುವನ್ನು ಇಸಿದುಕೊಂಡರು. ನಮ್ಮ ಓರಗಿತ್ತಿ ತೀರ್ಥಮ್ಮಕ್ಕ ಉಪ್ಪು ಮೆಣಸಿನಕಾಯಿ ತಂದು ನೀವಾಳಿಸಿದರು. ಮಕ್ಕಳಿಗೆ ದೃಷ್ಟಿ ತೆಗೆಯುವುದು ನಮ್ಮಲ್ಲಿ ಇದ್ದದ್ದೇ, ಅದನ್ನು ಇವರಿಗೆಂದೇ ಮಾಡಿದರು ಎಂದುಕೊಳ್ಳಬೇಡ. ಭಾವನ ಬಾಯಿ ಮಾತ್ರ ಒರಟು. ಮನಸ್ಸಿನಲ್ಲಿ ಭೇದವಿದ್ದಿದ್ದರೆ ತಮ್ಮ ಮಳಿಗೆಯನ್ನು ನಿಮ್ಮವರಿಗೆ ಮೋಟರ್ ರಿಪೇರಿ ಅಂಗಡಿ ಇಡಲು ಕೊಡುತ್ತಿದ್ದರೆ ಹೇಳು?

ಆದರೂ ಹಿತ್ತಿಲಲ್ಲಿ ನೀನು ನನ್ನ ಕೈ ಹಿಡಿದು ನಿಲ್ಲಿಸಿ, “ತನುಜಾ, ಇದು ಸರೀನಾ?” ಎಂದು ಕೇಳಿದಾಗ ನನ್ನ ಎದೆ ಒಡೆದಂತಾಯಿತು. ಅಳು ತಡೆಯಲಾಗಲಿಲ್ಲ. ನಿನಗೆ ನೋವಾದರೆ ಅದು ನನಗೇ ಆದಂತೆ. ಮೂವತ್ತು ವರ್ಷದ ಸ್ನೇಹ ಒಂದು ಮಾತಿಗೆ ಮುರಿಯುತ್ತದೆಯೇ? ನನ್ನನ್ನು ಕ್ಷಮಿಸಿದೆ ಎಂದು ಒಂದು ಸಾಲು ಬರೆ. ಇಲ್ಲದಿದ್ದರೆ ನನಗೆ ನೆಮ್ಮದಿ ಇಲ್ಲ.

ಕ್ಷೇಮ ಕೇಳುವ ಧೈರ್ಯವೂ ಇಲ್ಲದ
ತನುಜಾ


ಕಡೂರು
೨೦ ಸೆಪ್ಟೆಂಬರ್ ೨೦೨೪

ತನುಜಾ,

ನಿನ್ನ ಕಾಗದ ಬಂದು ಹದಿನೈದು ದಿನವಾಯಿತು. ಡ್ಯೂಟಿ ಬ್ಯಾಗಿನಲ್ಲೇ ಇಟ್ಟುಕೊಂಡು ತಿರುಗಿದೆ. ನರ್ಸಿಂಗ್ ಹೋಮಿನಲ್ಲಿ ಊಟಕ್ಕೆ ಕೂತಾಗ ತೆಗೆಯುವುದು, ಓದುವುದು, ಒಳಗಿಡುವುದು. ಹರಿಯೋಣವೆಂದುಕೊಂಡೆ, ಆಗಲಿಲ್ಲ.

ಯಾರೋ ಮಗುವನ್ನು ಇಸಿದುಕೊಂಡರು ಎಂದು ಬರೆದಿದ್ದೀಯ. ಯಾರೋ ಅಲ್ಲ, ನೀನು. ಭಾವನ ಮಾತಿಗೆ ನಗುತ್ತಾ ಬಂದು, “ಕೊಡಿ ಕೊಡಿ ಸಿಂಗಣ್ಣ” ಎಂದು ನಮ್ಮ ಯಜಮಾನರ ಕೈಯಿಂದ ಮಗುವನ್ನು ತೆಗೆದುಕೊಂಡವಳು ನೀನು. ನಿನಗೆ ಮರೆತಿರಲಾರದು.

ಅವತ್ತು ಎಷ್ಟು ಜನ ಆ ಮಗುವನ್ನು ಎತ್ತಿಕೊಂಡರು? ನೀವಾಳಿಸಿದ್ದು ಯಾವಾಗ? ಅವರು ಎತ್ತಿಕೊಂಡ ಮೇಲೆ ಮಾತ್ರ.

ಹಿತ್ತಿಲಲ್ಲಿ ನಾನು ಕೇಳಿದ್ದು ಒಂದು ಪ್ರಶ್ನೆ. ನೀನು ಅಳಲು ಶುರುಮಾಡಿದೆ. ಮನೆಯವರೆಲ್ಲ ಓಡಿಬಂದರು. ನೀರು ತಂದುಕೊಟ್ಟವಳು ನಾನು, ಬೆನ್ನು ಸವರಿದವಳು ನಾನು, ಏನೂ ಇಲ್ಲ ಬಿಡೇ ಎಂದವಳೂ ನಾನೇ. ತೀರ್ಥಮ್ಮನವರು ಎಲ್ಲರೆದುರಿಗೆ, “ಶುಭದ ದಿನ ನಮ್ ಹುಡ್ಗೀನ ಅಳಿಸ್ಬಿಟ್ಯಲ್ಲವ್ವ” ಅಂದರು. ಅಷ್ಟೂ ಹೊತ್ತು ನಮ್ಮ ಯಜಮಾನರು ಗೇಟಿನ ಹೊರಗೆ ನಿಂತಿದ್ದರು. ಊಟ ಮಾಡಿರಲಿಲ್ಲ. ನಿಮ್ಮ ಮನೆಯ ಒಬ್ಬರೂ ಹೋಗಿ ಕರೆಯಲಿಲ್ಲ.

ನಾಲ್ಕು ವರ್ಷದಿಂದ ಅವರು ಇಲ್ಲಿದ್ದಾರೆ. ಸೈನ್ಯದಲ್ಲಿ ಇಪ್ಪತ್ತೆರಡು ವರ್ಷ ಗಾಡಿಗಳ ರಿಪೇರಿ ಮಾಡಿ, ಮಣಿಪುರದ ತಮ್ಮ ಊರಿಗೆ ಹೋಗದೆ ನನ್ನ ಊರಿಗೆ ಬಂದರು. ನಿಮ್ಮ ಭಾವನ ಮಳಿಗೆ ಸಾಲಿನಲ್ಲಿ ಅವರನ್ನು ಚೀನಾದವ ಅನ್ನುತ್ತಾರೆ. ಮರ್ಯಾದೆ ಕೊಡುವವರು ಮಿಲಿಟರಿ ಸಿಂಗ್ ಅನ್ನುತ್ತಾರೆ. ನೀನು ಸಿಂಗಣ್ಣ ಅನ್ನುತ್ತೀಯ. ಅವರ ಹೆಸರೇನು, ಬರೆ ನೋಡೋಣ. ನಮ್ಮ ಮದುವೆಗೆ ಬಂದವಳು ನೀನು.

ನಿನಗೆ ಅನ್ನ ಸೇರದಿದ್ದುದು ತಿಳಿಯಿತು. ನೆಮ್ಮದಿಗೆ ನನ್ನ ಹತ್ತಿರ ಔಷಧಿ ಇಲ್ಲ.

ಪ್ರತಿಮಾ


ಅಜ್ಜಂಪುರ
೩ ಅಕ್ಟೋಬರ್ ೨೦೨೪

ಪ್ರತಿಮಾ,

ಇಬೋಮ್ಚಾ. ನನಗೆ ಗೊತ್ತು. ಬಾಯಿ ತಿರುಗುವುದಿಲ್ಲವೆಂದು ಸಿಂಗಣ್ಣ ಅನ್ನುತ್ತಿದ್ದೆ, ಅದೂ ಅಪರಾಧವೇ?

ನಾನು ಭೇದ ಮಾಡುವವಳೇ? ಬಿಸಿಯೂಟದ ಹೊತ್ತಿನಲ್ಲಿ ಎಲ್ಲ ಮಕ್ಕಳ ಪಂಕ್ತಿಯಲ್ಲಿ ಕೂತು ಉಣ್ಣುವ ಹೆಡ್‌ಮಿಸ್ ನಾನೊಬ್ಬಳೇ. ನಿನ್ನ ಮದುವೆಗೆ ಒಡಹುಟ್ಟಿದ ಅಣ್ಣ ಕನಕರಾಜು ಬರಲಿಲ್ಲ. “ಅದ್ಯಾವ ಜನಾನೋ ಏನ್ ತಿಂತಾರೋ” ಅಂದದ್ದು ನಿಮ್ಮ ಅವ್ವ ದ್ಯಾಮಮ್ಮ. ಮೂರು ದಿನ ರೈಲಿನಲ್ಲಿ ಕೂತು ನೀನು ಕೆಲಸಕ್ಕಿದ್ದ ಅಸ್ಸಾಮಿಗೆ ಬಂದು, ನರ್ಸ್ ಕ್ವಾರ್ಟರ್ಸಿನಲ್ಲಿ ನಿನಗೆ ಮುಡಿಸಲು ಮೈಸೂರು ಮಲ್ಲಿಗೆ ಸಿಗದೆ ಯಾವುದೋ ಕಾಡುಹೂ ಮುಡಿಸಿದವಳು ನಾನು. ತರೀಕೆರೆಯಲ್ಲಿ ಮಳಿಗೆ ಕೊಡಿಸಿದವಳು ನಾನು. ಅದೆಲ್ಲ ಒಂದು ನಗುವಿನಲ್ಲಿ ಕೊಚ್ಚಿಕೊಂಡು ಹೋಯಿತೇ?

ಹೌದು, ಮಗುವನ್ನು ಇಸಿದುಕೊಂಡದ್ದು ನಾನೇ. ಭಾವ ಇನ್ನೇನಾದರೂ ಅಂದಾರು, ಅಷ್ಟರಲ್ಲಿ ಮುಗಿಸೋಣವೆಂದು ಇಸಿದುಕೊಂಡೆ. ನೀನು ನಂಬಿದರೆ ನಂಬು.

ಅತ್ತರೆ ತಪ್ಪು, ಅಳದಿದ್ದರೆ ಕಲ್ಲು. ನಾನು ಏನು ಮಾಡಿದ್ದರೆ ನಿನಗೆ ಸರಿಯಾಗುತ್ತಿತ್ತು?

ತನುಜಾ


ಅಜ್ಜಂಪುರ
೧೯ ನವೆಂಬರ್ ೨೦೨೪

ಪ್ರತಿಮಾ,

ಒಂದೂವರೆ ತಿಂಗಳು ನಿನ್ನ ಉತ್ತರ ಕಾದೆ. ಪೋಸ್ಟ್‌ಮ್ಯಾನ್ ಮೋಹನ್ ನನ್ನನ್ನು ಕಂಡರೆ ದೂರದಿಂದಲೇ ತಲೆ ಅಲ್ಲಾಡಿಸುತ್ತಾನೆ. ಹೋದ ಸಲ ಸಿಟ್ಟಿನಲ್ಲಿ ಬರೆದೆ. ಒಂದು ಪ್ರಶ್ನೆ ಕೇಳಿ ಮುಗಿಸಿದ್ದೆ, ಅದಕ್ಕೆ ಉತ್ತರ ನಾನೇ ಹುಡುಕಬೇಕಿತ್ತು ಎಂದು ಈಗ ಅನ್ನಿಸುತ್ತಿದೆ.

ಮೊನ್ನೆ ಭಾನುವಾರದ್ದು ನಿನಗೆ ಗೊತ್ತೇ ಇರಬೇಕು. ಸ್ಕೂಲಿನ ಬೋರ್‌ವೆಲ್ ಮೋಟರ್ ಸುಟ್ಟು ಮೂರು ದಿನವಾಗಿತ್ತು. ಅಡುಗೆಯವರು ಬೀದಿ ನಲ್ಲಿಯಿಂದ ಕೊಡಗಳಲ್ಲಿ ಹೊರುತ್ತಿದ್ದರು. ಕರೆದವರೆಲ್ಲ ಸೋಮವಾರ, ಮಂಗಳವಾರ ಎಂದರು. ಸಂಕೋಚ ಬಿಟ್ಟು ಇಬೋಮ್ಚಾ ಅವರಿಗೆ ಫೋನು ಮಾಡಿದೆ. ಬೆಳಿಗ್ಗೆ ಒಂಬತ್ತಕ್ಕೆ ಬೈಕಿನಲ್ಲಿ ಬಂದರು. ಭಾನುವಾರವಾದರೂ ಬಂದಿದ್ದ ಅಡುಗೆಯವರ ಕೈಲಿ ಪೈಪು ಎತ್ತಿಸಿ, ಮೋಟರ್ ಬಿಚ್ಚಿ, ಸುಟ್ಟ ತಂತಿ ತೆಗೆದು ಹೊಸ ವೈಂಡಿಂಗ್ ಮಾಡಿ ಇಳಿಸುವ ಹೊತ್ತಿಗೆ ನಾಲ್ಕು ಗಂಟೆ. ನೀರು ಬಂದಾಗ ಅಡುಗೆಯವರು ಖುಷಿಗೆ ಕೂಗಿದರು. ಇಬೋಮ್ಚಾ ಅವರು ಕೈ ತೊಳೆದುಕೊಂಡು, “ಹತ್ತು ನಿಮಿಷ ಕೆಂಪು ನೀರು ಬರುತ್ತೆ ಮೇಡಂ, ಆಮೇಲೆ ಸರಿಯಾಗುತ್ತೆ” ಅಂದರು.

ಏಳು ಗಂಟೆ ನಾನು ಅಲ್ಲೇ ಕುರ್ಚಿ ಹಾಕಿಕೊಂಡು ಕೂತಿದ್ದೆ. ಊಟ ಹಾಕಿಸಿದೆ, ಎರಡು ಸಲ ಕಾಫಿ ಕೊಟ್ಟೆ, ಬಿಸಿಲಿನ ವಿಷಯ ಮಾತಾಡಿದೆ. ತೊಟ್ಟಿಲ ದಿನದ ಮಾತು ಬಾಯಿಗೆ ಬರಲಿಲ್ಲ. ಎತ್ತಿದರೆ ಅತ್ತುಬಿಡುತ್ತೇನೆ, ಅವರು ಸ್ಪ್ಯಾನರ್ ಕೆಳಗಿಟ್ಟು ನನ್ನನ್ನು ಸಮಾಧಾನ ಮಾಡಬೇಕಾಗುತ್ತದೆ ಎಂದು ಹೆದರಿಕೆಯಾಯಿತು. ಹೊರಡುವಾಗ ಅವರೇ, “ಪ್ರತಿಮಾಗೆ ಹೇಳ್ಬೇಡಿ, ನಾನೇ ಹೇಳ್ತೀನಿ” ಅಂದರು. ಇಷ್ಟರಲ್ಲಿ ಹೇಳಿರುತ್ತಾರೆ ಎಂದುಕೊಂಡು ಬರೆಯುತ್ತಿದ್ದೇನೆ.

ತನುಜಾ


ಕಡೂರು
೨೫ ನವೆಂಬರ್ ೨೦೨೪

ತನುಜಾ,

ಅವರು ಹೇಳಿರಲಿಲ್ಲ. ಬೀರೂರಿನಲ್ಲಿ ಕೆಲಸವಿದೆ ಎಂದು ಹೋಗಿದ್ದರು. ನಿನ್ನ ಕಾಗದ ಓದಿ ಜಗಳವಾಡಿದೆ. “ಮಕ್ಕಳಿಗೆ ನೀರಿಲ್ಲ ಅಂದ್ರು, ಹೋದೆ. ಅದಕ್ಕೂ ಇದಕ್ಕೂ ಏನು?” ಅಂದರು. ಅವರ ಮೇಲೆ ಇನ್ನೂ ಸಿಟ್ಟಿದೆ.

ನಾನು ಬರೆಯುತ್ತಿರುವುದು ಬೇರೆ ವಿಷಯಕ್ಕೆ. ಅದೇ ಭಾನುವಾರ, ಹದಿನೇಳನೇ ತಾರೀಕು, ಲಿಂಗದಹಳ್ಳಿ ಹತ್ತಿರ ತಿಮ್ಮೇಶ್ ಅನ್ನುವವರ ಜಮೀನಿನಲ್ಲಿ ಪಂಪ್‌ಸೆಟ್ಟಿನ ತಾಮ್ರದ ಕೇಬಲ್ ಕಳುವಾಗಿದೆ. ಮನೆಯವರೆಲ್ಲ ಮಧ್ಯಾಹ್ನ ಮದುವೆಯೂಟಕ್ಕೆ ಹೋಗಿದ್ದರಂತೆ. ಆ ದಿನ ಇವರ ಅಂಗಡಿ ಬಾಗಿಲು ಹಾಕಿತ್ತು. ಅಷ್ಟು ಸಾಕಾಯಿತು. ಅಂಗಡಿಯವರ ವಾಟ್ಸಾಪ್ ಗುಂಪಿನಲ್ಲಿ ಇವರ ಫೋಟೋ ಹಾಕಿ, “ಹೊರದೇಶದವರ ಮೇಲೆ ಕಣ್ಣಿಡಿ” ಎಂದು ಬರೆದಿದ್ದಾರೆ. ಈಗ ಇವರು ಪೆನ್ಷನ್ ಪುಸ್ತಕ ಜೇಬಿನಲ್ಲಿಟ್ಟುಕೊಂಡು ಓಡಾಡುತ್ತಿದ್ದಾರೆ, ಮನೆಯಿಂದ ಅಂಗಡಿಗೆ ಹೋಗುವುದಕ್ಕೂ.

ನಿಮ್ಮ ಭಾವ ಡಿಸೆಂಬರ್ ಹತ್ತರೊಳಗೆ ಮಳಿಗೆ ಖಾಲಿ ಮಾಡಿ ಎಂದಿದ್ದಾರೆ. ಆ ಭಾನುವಾರ ಎಲ್ಲಿದ್ರಿ ಎಂದು ಕೇಳಿದ್ದಕ್ಕೆ ಇವರು ಅಜ್ಜಂಪುರದ ಸ್ಕೂಲಿನಲ್ಲಿ ಎಂದರಂತೆ. “ನಮ್ ತನುಜಾ ಏನೂ ಹೇಳ್ಲಿಲ್ವಲ್ಲ” ಎಂದು ನಕ್ಕರಂತೆ ನಿಮ್ಮ ಭಾವ.

ನಾನು ನಿನ್ನನ್ನು ಏನೂ ಕೇಳುತ್ತಿಲ್ಲ. ತಿಳಿಸಿದ್ದೇನೆ.

ಪ್ರತಿಮಾ


ಅಜ್ಜಂಪುರ
೯ ಡಿಸೆಂಬರ್ ೨೦೨೪

ಪ್ರತಿಮಾ,

ನಿನ್ನೆ ನಡೆದದ್ದನ್ನು ಇಬೋಮ್ಚಾ ಅವರು ಹೇಳಿರುತ್ತಾರೆ. ಆದರೂ ನಾನೇ ಬರೆಯಬೇಕು, ಮುಖ್ಯವಾಗಿ ನಾನು ತಡಮಾಡಿದ್ದನ್ನು.

ನಿನ್ನ ಕಾಗದ ಕೈಸೇರಿದ್ದು ಇಪ್ಪತ್ತೆಂಟಕ್ಕೆ. ಓದಿದ ತಕ್ಷಣ ಫೋನು ಎತ್ತಬಹುದಿತ್ತು, ಎತ್ತಲಿಲ್ಲ. ನಮ್ಮ ಆಸ್ತಿ ಇನ್ನೂ ಭಾಗವಾಗಿಲ್ಲ, ಎಲ್ಲ ಭಾವನ ಹೆಸರಿನಲ್ಲೇ ಇದೆ. ಯಜಮಾನರು, “ನಿನಗ್ಯಾಕೆ ಬೇಕು, ಅಣ್ಣನ ಎದುರು ಹಾಕ್ಕೊಂಡ್ರೆ ನಾಳೆ ನಾವು ಬೀದೀಲಿ” ಅಂದರು. ಡಿಸೆಂಬರ್ ಒಂದರಂದು ಹೇಳಿಯೇ ಬಿಡುವುದೆಂದು ತರೀಕೆರೆಗೆ ಹೋದೆ. ತೀರ್ಥಮ್ಮಕ್ಕ ಎಲೆ ಹಾಕಿದರು. ಮಗುವನ್ನು ನನ್ನ ತೊಡೆಯ ಮೇಲೆ ಮಲಗಿಸಿದರು. ಹೋಳಿಗೆ ಉಂಡು, ಎಲೆ ಅಡಿಕೆ ಹಾಕಿಕೊಂಡು, ಒಂದು ಮಾತೂ ಆಡದೆ ವಾಪಸ್ ಬಂದೆ. ಬಸ್ಸಿನಲ್ಲಿ ಸೀಟಿದ್ದರೂ ಕೂರಲಾಗಲಿಲ್ಲ, ನಿಂತೇ ಬಂದೆ. ಆ ಇಡೀ ವಾರ ಕೂತಲ್ಲಿ ಕೂರಲಿಲ್ಲ, ನಿಂತಲ್ಲಿ ನಿಲ್ಲಲಿಲ್ಲ.

ನಿನ್ನೆ ಮತ್ತೆ ಹೋದೆ. ಮನೆಗೆ ಹೋಗಲಿಲ್ಲ, ಸೀದಾ ಮಳಿಗೆ ಸಾಲಿಗೆ ಹೋದೆ. ಭಾವ, ಪಕ್ಕದ ಹಾರ್ಡ್‌ವೇರ್ ಅಂಗಡಿಯ ಶಿವಮೂರ್ತಪ್ಪ, ಕೇಬಲ್ ಕಳಕೊಂಡ ತಿಮ್ಮೇಶ್, ಇನ್ನೂ ನಾಲ್ಕೈದು ಜನ ಸೇರಿದ್ದರು. ಇಬೋಮ್ಚಾ ಅವರು ಒಬ್ಬರೇ ಸಾಮಾನು ಪೆಟ್ಟಿಗೆಗೆ ತುಂಬುತ್ತಿದ್ದರು.

“ಏನಮ್ಮಾ, ಮನೇಗ್ ಬಾ, ಊಟ ಮಾಡ್ಕಂಡ್ ಹೋಗು” ಅಂದರು ಭಾವ.

“ಊಟಕ್ಕೆ ಬಂದಿಲ್ಲ ಭಾವ. ಹದಿನೇಳನೇ ತಾರೀಕು ಇಬೋಮ್ಚಾ ಅವ್ರು ಒಂಬತ್ತರಿಂದ ನಾಲ್ಕರ ತನಕ ನಮ್ಮ ಸ್ಕೂಲಲ್ಲಿದ್ರು.”

“ಯಾರು?”

ಭಾವನಿಗೆ ನಿಜವಾಗಿಯೂ ತಿಳಿಯಲಿಲ್ಲ ಕಣೇ. ನಾಲ್ಕು ವರ್ಷದಿಂದ ಮಳಿಗೆಯಲ್ಲಿರುವ ಮನುಷ್ಯನ ಹೆಸರು. ನಾನು ಅವರ ಕಡೆ ಕೈ ತೋರಿಸಿದೆ.

“ಮೊದ್ಲೇ ಹೇಳ್ಬೋದಿತ್ತಲ್ಲ” ಅಂದರು ಶಿವಮೂರ್ತಪ್ಪ. “ನಾವೇನ್ ಕಳ್ಳ ಅಂದ್ವಾ ಮೇಡಂ? ಜನ ಮಾತಾಡ್ಕಂಡ್ರು ಅಷ್ಟೆ.”

“ಮೊದಲೇ ಹೇಳಬೇಕಿತ್ತು. ಹೆದರಿಕೊಂಡಿದ್ದೆ. ಅದು ನನ್ನ ತಪ್ಪು.”

ತಿಮ್ಮೇಶ್, “ಕೇಬಲ್ ಕಳಕಂಡೋನಿಗೆ ಯಾರ್ ಮೇಲಾದ್ರೂ ಅನುಮಾನ ಬರುತ್ತಲ್ರೀ” ಅಂದ. ಅವನ ಮುಖ ಬಾಡಿತ್ತು, ಸುಳ್ಳಾಡುತ್ತಿರಲಿಲ್ಲ.

“ಯಾರ ಮೇಲಾದ್ರೂ ಬರಬೋದಿತ್ತು. ಈ ರಸ್ತೇಲೇ ಇನ್ನೆರಡು ವೈಂಡಿಂಗ್ ಅಂಗಡಿ ಭಾನುವಾರ ಬಾಗಿಲು ಹಾಕಿರ್ತಾವೆ. ಅವ್ರ ಫೋಟೋ ಯಾಕೆ ಹಾಕ್ಲಿಲ್ಲ?”

ಭಾವ ಎದ್ದು ನಿಂತರು. “ತನುಜಾ, ನೀನು ಯಾವ ಮನೆ ಸೊಸೆ ಅನ್ನೋದು ನೆನಪಿದ್ಯಾ?”

ಕಣ್ಣು ತುಂಬಿಕೊಂಡಿತು. ಆಗ ಅತ್ತಿದ್ದರೆ ಶಿವಮೂರ್ತಪ್ಪ ಕುರ್ಚಿ ತರುತ್ತಿದ್ದರು, ಭಾವ “ಹೋಗ್ಲಿ ಬಿಡಮ್ಮ” ಅನ್ನುತ್ತಿದ್ದರು, ಅಲ್ಲಿಗೆ ಮಾತು ಮುಗಿಯುತ್ತಿತ್ತು. ಎಂಜಲು ನುಂಗಿಕೊಂಡೆ. ದನಿ ನಡುಗುತ್ತಲೇ ಇತ್ತು, ನಡುಗಲಿ ಎಂದು ಬಿಟ್ಟೆ.

“ನೆನಪಿದೆ ಭಾವ. ಅದಕ್ಕೇ ಇಲ್ಲಿಗೇ ಬಂದು ಹೇಳ್ತಿದೀನಿ. ಫೋಟೋ ಹಾಕಿದ್ ಗುಂಪಲ್ಲೇ, ಅದು ಸುಳ್ಳು ಅಂತ ನೀವೇ ಬರೀಬೇಕು.” ಆಮೇಲೆ ಇಬೋಮ್ಚಾ ಅವರ ಕಡೆ ತಿರುಗಿ, “ತೊಟ್ಟಿಲ ದಿನ ನಿಮ್ಮ ಕೈಯಿಂದ ಮಗೂನ ಇಸ್ಕೊಂಡಿದ್ದು ನಾನು. ನಗ್ತಾ ಇಸ್ಕೊಂಡೆ. ತಪ್ಪು ಮಾಡ್ದೆ” ಅಂದೆ.

ಅವರು ಸ್ಟಾರ್ಟರ್ ಪೆಟ್ಟಿಗೆಯ ಮುಚ್ಚಳ ಹಾಕುತ್ತಿದ್ದರು. ತಲೆಯೆತ್ತಿ ನೋಡಿ, “ಗೊತ್ತು ಮೇಡಂ” ಅಂದರು. ಅಷ್ಟೇ. ಮತ್ತೆ ಸ್ಕ್ರೂ ತಿರುಗಿಸತೊಡಗಿದರು. ನಾನು ಇನ್ನೂ ಏನಾದರೂ ಅಂದಾರೆಂದು ನಿಂತಿದ್ದೆ. ಯಾಕೆ ಅನ್ನಬೇಕು ಎಂದು ಹೊಳೆದ ಮೇಲೆ ಬಂದುಬಿಟ್ಟೆ.

ಭಾವ ನಿನ್ನೆ ಸಂಜೆ ಗುಂಪಿನಲ್ಲಿ ಬರೆದಿದ್ದಾರೆ. ಒಂದೇ ಸಾಲು. ಯಜಮಾನರು ನನ್ನ ಜೊತೆ ಮಾತು ಬಿಟ್ಟಿದ್ದಾರೆ. ಇದನ್ನು ಕನಿಕರಕ್ಕೆ ಬರೆಯುತ್ತಿಲ್ಲ, ನಡೆದದ್ದನ್ನೆಲ್ಲ ಬರೆಯಬೇಕೆಂದು ಬರೆದೆ.

ನೀನು ಹೇಗಿದ್ದೀಯ? ಅವರು ಹೇಗಿದ್ದಾರೆ? ಮೂರು ಕಾಗದ ಬರೆದರೂ ಇದನ್ನು ಕೇಳಿರಲಿಲ್ಲ.

ತನುಜಾ


ಕಡೂರು
೨೨ ಡಿಸೆಂಬರ್ ೨೦೨೪

ತನುಜಾ,

ಅವರು ಚೆನ್ನಾಗಿದ್ದಾರೆ ಎಂದು ಬರೆದರೆ ಸುಳ್ಳಾಗುತ್ತದೆ. ಕೆಲಸ ಮಾಡುತ್ತಿದ್ದಾರೆ.

ನಿಮ್ಮ ಭಾವ ಫೋನು ಮಾಡಿ, ಮಳಿಗೆಯಲ್ಲೇ ಇರಿ, ಆದದ್ದಾಯಿತು ಎಂದರು. ಇವರು ಮಾರನೆಯ ದಿನವೇ ಹೋಗಿ ಬೀಗದ ಕೈ ಕೊಟ್ಟು ಬಂದರು. ನಾನು ದಡ್ಡಿ, ಯಾಕೆ ಬಿಟ್ಟಿರಿ, ನಿರಪರಾಧಿ ಎಂದು ಗೊತ್ತಾಯಿತಲ್ಲ ಎಂದು ಕೂಗಾಡಿದೆ. ಆಗ ಅವರು, “ಆ ಭಾನುವಾರ ಸ್ಕೂಲಲ್ಲಿದ್ದೆ, ಸಾಕ್ಷಿ ಸಿಕ್ತು. ಮನೇಲಿ ಒಬ್ಬನೇ ಮಲಗಿದ್ದಿದ್ರೆ?” ಅಂದರು. ಅದಕ್ಕೆ ನಿನ್ನ ಹತ್ತಿರ ಉತ್ತರವಿದ್ದರೆ ಬರೆ.

ಈಗ ನಮ್ಮ ಮನೆ ಪಕ್ಕದ ಖಾಲಿ ಜಾಗದಲ್ಲಿ ತಗಡಿನ ಶೆಡ್ ಹಾಕಿಕೊಂಡಿದ್ದಾರೆ. ತರೀಕೆರೆಯಷ್ಟು ಕೆಲಸ ಬರುವುದಿಲ್ಲ. ಹೋದ ಬುಧವಾರ ತಿಮ್ಮೇಶ್ ಒಂದು ಸುಟ್ಟ ಮೋಟರನ್ನು ಅಷ್ಟು ದೂರದಿಂದ ಹೊತ್ತು ತಂದ. ಗೇಟಿನ ಹತ್ತಿರ ನಿಂತು, ಒಳಗೆ ಬರಲೋ ಬೇಡವೋ ಎಂದು ನೋಡುತ್ತಿದ್ದ. ಇವರು ಮೋಟರ್ ಇಳಿಸಿಕೊಂಡು, ಶನಿವಾರ ಬನ್ನಿ ಎಂದರು. ನನಗಾದರೆ ಬಾಗಿಲಲ್ಲೇ ನಾಲ್ಕು ಮಾತು ಅನ್ನಬೇಕಿತ್ತು.

ನಾನೂ ಒಂದು ವಿಷಯ ಬರೆಯಬೇಕು. ಸೆಪ್ಟೆಂಬರಿನಿಂದ ಬರೆಯದೆ ಬಚ್ಚಿಟ್ಟುಕೊಂಡಿದ್ದು. ತೊಟ್ಟಿಲ ದಿನ ನಿಮ್ಮ ಭಾವ ಆ ಮಾತು ಆಡಿದಾಗ ನಾನೂ ನಕ್ಕಿದ್ದೆ. ಇವರ ಪಕ್ಕದಲ್ಲೇ ಕೂತು ನಕ್ಕೆ. ಇವರು ನನ್ನ ಕಡೆ ತಿರುಗಿ ನೋಡಿದರು. ನಿಮ್ಮ ಭಾವನ ಕಡೆ ಅಲ್ಲ, ನಿನ್ನ ಕಡೆ ಅಲ್ಲ. ಆ ನೋಟ ತಾಳಲಾರದೆ ಹಿತ್ತಿಲಿಗೆ ಬಂದು ನಿನ್ನನ್ನು ಹಿಡಿದು ನಿಲ್ಲಿಸಿದೆ. ನಿನ್ನ ಮೇಲೆ ಕೋಪ ಮಾಡಿಕೊಂಡಷ್ಟೂ ದಿನ ನನ್ನ ನಗು ನನಗೆ ಮರೆತಿರುತ್ತಿತ್ತು.

ಇಪ್ಪತ್ತು ವರ್ಷ ಅವರಿಗೆ ನಾನು ಹೇಳಿಕೊಟ್ಟದ್ದು ಇದೇ. “ನಕ್ಕು ಬಿಡಿ, ನಮ್ಮ ಜನ ಒಳ್ಳೆಯವರು, ಮಾತು ಹಾಗೆ ಅಷ್ಟೆ.” ಅವ್ವನ ಬಗ್ಗೆ ಹಾಗೆ ಹೇಳಿದೆ, ಅಣ್ಣನ ಬಗ್ಗೆ ಹಾಗೆ ಹೇಳಿದೆ. ಮಗಳು ಲಿಂಥೋಯ್ ಒಂಬತ್ತನೇ ಕ್ಲಾಸಿನಿಂದ ಯಾವ ಮದುವೆ ಮುಂಜಿಗೂ ಬರುವುದಿಲ್ಲ, ಗೊತ್ತಲ್ಲ. ಕೊಬ್ಬು ಎಂದು ಬೈಯುತ್ತಿದ್ದೆ. ಹೋದ ವಾರ ಹಾಸನದ ಹಾಸ್ಟೆಲಿಗೆ ಹೋಗಿ, ಯಾಕೆ ಬರುವುದಿಲ್ಲ ಎಂದು ಕೇಳಿದೆ. ಬೈಯಲು ಕೇಳಿದ್ದಲ್ಲ, ತಿಳಿಯಲು ಕೇಳಿದ್ದು. ಅವಳು ನಂಬಲಿಲ್ಲ. “ಈಗ ಯಾಕೆ ಕೇಳ್ತಿದೀಯಮ್ಮ?” ಅಂದಳು. ಆಮೇಲೆ ಕ್ಯಾಂಟೀನಿನಲ್ಲಿ ಕೂತು ಎರಡು ಗಂಟೆ ಹೇಳಿದಳು. ಹಾಗಲ್ಲ ಕಣೇ, ಅವರು ಹಾಗಂದಿರಲಾರರು ಎಂದು ಎಷ್ಟು ಸಲ ನನ್ನ ನಾಲಿಗೆ ತುದಿಗೆ ಬಂತು. ಕಚ್ಚಿ ಹಿಡಿದುಕೊಂಡೆ.

ನಿನ್ನನ್ನು ಕ್ಷಮಿಸಿದ್ದೇನೆಯೇ ಎಂದು ಕೇಳಬೇಡ. ನಾನು ಇನ್ನೂ ನನ್ನ ಲೆಕ್ಕದಲ್ಲೇ ಇದ್ದೇನೆ. ಇವರು ನಿನ್ನ ಬಗ್ಗೆ ಒಂದೇ ಮಾತು ಹೇಳಿದರು. “ಆ ಮೇಡಂ ನಡುಗ್ತಾ ಇದ್ರು, ಆದ್ರೂ ಪೂರ್ತಿ ಹೇಳಿದ್ರು.” ಹೊಗಳಿಕೆಯೋ ಅಲ್ಲವೋ ನನಗೆ ತಿಳಿಯಲಿಲ್ಲ. ಬರೆದಿದ್ದೇನೆ.

ಲಿಂಥೋಯ್ ಸಂಕ್ರಾಂತಿಗೆ ನಾಲ್ಕು ದಿನ ಮನೆಗೆ ಬರುತ್ತಾಳೆ. ಅವಳು ಹೇಳಿದ್ದರಲ್ಲಿ ಒಂದು ನಿಮ್ಮ ಮನೆಯಲ್ಲಿ ನಡೆದದ್ದು. ಬೇಸಿಗೆ ರಜೆಯಲ್ಲಿ ಅವಳನ್ನು ಒಂದು ವಾರ ಅಜ್ಜಂಪುರಕ್ಕೆ ಕಳಿಸಿದ್ದೆನಲ್ಲ, ಆಗ. ನಿನಗೆ ನೆನಪಿರಲಾರದು. ನಾನು ಬರೆಯುವುದಿಲ್ಲ, ಅದು ಅವಳ ಮಾತು. ತನುಜಾ ಆಂಟಿ ಬಂದರೆ ಹೇಳುತ್ತೀಯಾ ಎಂದು ಕೇಳಿದೆ. “ಅವ್ರು ಕೊನೇ ತನಕ ಕೂತ್ಕೊಂಡು ಕೇಳ್ತಾರಾ?” ಅಂದಳು.

ನಾನು ನಿನ್ನ ಪರವಾಗಿ ಉತ್ತರ ಕೊಡಲಿಲ್ಲ. ಬರುವುದಾದರೆ ಹದಿನಾಲ್ಕನೇ ತಾರೀಕು ಬಾ.

ಪ್ರತಿಮಾ